ಹೆಕೆಲನ ಚಿತ್ರಗಳು

(ಪೆದ್ದೆಮುಲ್‌ನಲ್ಲಿ ನಡೆದ ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಜರ್ಮನಿಯ ಪ್ರಾಣಿಶಾಸ್ತ್ರಜ್ಞನೊಬ್ಬನ ವಿಚಾರವೇಕೆಂದು ತಮ್ಮಲ್ಲಿ ಕೆಲವರಿಗಾದರೂ ಅನಿಸಿರಬಹುದು. ಪಂಪನನ್ನೋ ಬಸವಣ್ಣನವರನ್ನೋ ಕುರಿತು ಮಾತನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಕೊಟ್ಟಿದ್ದರೆ ನನಗೂ ಸುಲಭವಾಗುತ್ತಿತ್ತು. ಅವರು, “ಈ ಸಲ ಶಾಸ್ತ್ರವಿಷಯವೊಂದು ಇರಲಿ, ಮಾಸ್ತರರೆ” ಎಂದರು. ಆಗ ನನ್ನ ಮನಸ್ಸಿನಲ್ಲಿ ಬಹುದಿನದಿಂದ ಕುಳಿತಿದ್ದ ಒಂದು ಋಣವು ನೆನಪಿಗೆ ಬಂದಿತು. ಅದನ್ನು ತೀರಿಸುವುದಕ್ಕೆ ಇದಕ್ಕಿಂತ ತಕ್ಕ ಸ್ಥಳವಿಲ್ಲ. ಏಕೆಂದರೆ ನಾನು ಸಾಲಗಾರನಾಗಿರುವುದು ಇಲ್ಲಿ ಕುಳಿತಿರುವ ತಮಗೇ.

ತಮ್ಮಲ್ಲಿ ಅನೇಕರು ನನ್ನ ಕೈಕೆಳಗೆ ಜೀವಶಾಸ್ತ್ರ ಓದಿದವರು. ಕಪ್ಪುಹಲಗೆಯ ಮೇಲೆ ನಾನು ಪ್ರತಿವರ್ಷವೂ ಬಣ್ಣದ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ ಒಂದು ಚಿತ್ರ ತಮಗೆ ನೆನಪಿರಬೇಕು. ಎಂಟು ಸಾಲು ಭ್ರೂಣಗಳು: ಮೀನು, ಸಾಲಮಾಂಡರ್, ಆಮೆ, ಕೋಳಿ, ಹಂದಿ, ಕರು, ಮೊಲ, ಮನುಷ್ಯ. ಮೇಲಿನ ಸಾಲಿನಲ್ಲಿ ಎಂಟೂ ಒಂದೇ ತೆರ. ನಡುವಿನಲ್ಲಿ ಸ್ವಲ್ಪ ಬೇರೆ. ಕೆಳಗೆ ಬಂದಾಗ ಮೀನು ಮೀನಾಗಿ, ಮನುಷ್ಯ ಮನುಷ್ಯನಾಗಿ ಕಾಣುತ್ತಿದ್ದರು. ಅದನ್ನು ನಾನೂ ವಿದ್ಯಾರ್ಥಿಯಾಗಿ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು. ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ಶಿಷ್ಯನೊಬ್ಬನ ಮಗಳು, ಆಗತಾನೆ ಕಾಲೇಜು ಸೇರಿದವಳು, ಮನೆಗೆ ಬಂದು, “ಮುತ್ಯಾ, ನಮ್ಮಪ್ಪನಿಗೆ ನೀವು ಕಲಿಸಿದ ಆ ಚಿತ್ರ ಸುಳ್ಳಂತೆ, ಹೌದೆ?” ಎಂದು ಕೇಳಿದಳು. ನಾನು ಕೂಡಲೇ ಉತ್ತರ ಕೊಡಲಿಲ್ಲ. ಅಂದಿನಿಂದ ಆ ಚಿತ್ರವನ್ನು ಬರೆದವನ ಬೆನ್ನು ಹತ್ತಿದೆನು.

ಎರ್ನ್ಸ್ಟ್ ಹೆಕೆಲನು ಹುಟ್ಟಿದ್ದು 1834ನೆಯ ಫೆಬ್ರವರಿ 16ರಂದು, ಪೋಟ್ಸ್‌ಡಾಮ್ ಪಟ್ಟಣದಲ್ಲಿ. ನಮ್ಮ ನಿಘಂಟಿನ ಕಿಟ್ಟೆಲ್ಲರಿಗಿಂತ ಎರಡು ವರ್ಷ ಚಿಕ್ಕವನು. ಒಂದೇ ದೇಶದ, ಒಂದೇ ತಲೆಮಾರಿನ ಇಬ್ಬರು. ಒಬ್ಬರು ಧಾರವಾಡ ಮಂಗಳೂರುಗಳಿಗೆ ಬಂದು ಕನ್ನಡದ ಸುಮಾರು ಎಪ್ಪತ್ತು ಸಾವಿರ ಪದಗಳನ್ನು ಕೂಡಿಹಾಕಿದರು, ಇನ್ನೊಬ್ಬನು ಕಡಲಿನ ಕಣ್ಣಿಗೆ ಕಾಣದ ಜೀವಿಗಳನ್ನು ಕೂಡಿಹಾಕಿದನು. ತಂದೆತಾಯಿಗಳ ಒತ್ತಾಯಕ್ಕೆ ವೈದ್ಯಶಾಸ್ತ್ರ ಓದಿದನಾದರೂ ರೋಗಿಗಳ ಮೇಲೆ ಮನಸ್ಸು ನಿಲ್ಲಲಿಲ್ಲ. 1859-60ರಲ್ಲಿ ಇಟಲಿಯ ಮೆಸ್ಸಿನಾ ಬಂದರಿನಲ್ಲಿ ಕುಳಿತು ರೇಡಿಯೊಲೇರಿಯ ಎಂಬ ಏಕಕೋಶ ಜೀವಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡತೊಡಗಿದನು. ಇವು ಮರಳಿನ ಕಣಕ್ಕಿಂತ ಸಣ್ಣವು. ಆದರೆ ಗಾಜಿನಂಥ ಸಿಲಿಕದಿಂದ ಕಟ್ಟಿದ ಇವುಗಳ ಅಸ್ಥಿಪಂಜರವನ್ನು ಕಂಡರೆ ಬೇಲೂರಿನ ಜಾಲಂಧ್ರಗಳು ನೆನಪಿಗೆ ಬರುತ್ತವೆ. ಅಲ್ಲಿ ಆತನು 144 ಹೊಸ ಜಾತಿಗಳನ್ನು ಕಂಡುಹಿಡಿದನು. 1862ರಲ್ಲಿ ಅವನ್ನು ಕುರಿತ ಗ್ರಂಥವು ಹೊರಬಂದಿತು, ಅದೇ ವರ್ಷ ಯೇನಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಪದವಿ ದೊರಕಿತು, ಅದೇ ವರ್ಷ ಸೋದರ ಸಂಬಂಧದ ಆನ್ನಾ ಸೇಥೆಯೊಡನೆ ವಿವಾಹವಾಯಿತು.

ಈ ಸುಖವು ಹೆಚ್ಚು ದಿನ ನಿಲ್ಲಲಿಲ್ಲ. 1864ರ ಫೆಬ್ರವರಿ 16ರಂದು, ಅಂದರೆ ಗಂಡನ ಮೂವತ್ತನೆಯ ಹುಟ್ಟುಹಬ್ಬದ ದಿನವೇ, ಆನ್ನಾ ತೀರಿಕೊಂಡಳು. ಹೆಕೆಲನು ಆಮೇಲೆ ಇನ್ನೊಂದು ಮದುವೆಯಾದನು, ಮಕ್ಕಳಾದರು. ಆದರೂ ಎಷ್ಟೋ ವರ್ಷಗಳ ಬಳಿಕ, ಕೂದಲಿನಂಥ ಉದ್ದನೆಯ ಎಳೆಗಳನ್ನು ತೂಗಾಡಿಸುತ್ತ ತೇಲುವ ಒಂದು ಸುಂದರವಾದ ಲೋಳೆಮೀನಿಗೆ ಆಕೆಯ ಹೆಸರನ್ನೇ ಇಟ್ಟನು. ಆಕೆಯ ಸಾವಿನೊಡನೆ ಆತನಿಗೆ ಧರ್ಮದಲ್ಲಿ ಉಳಿದಿದ್ದ ನಂಬಿಕೆಯೂ ಹೋಯಿತು. ಮುಂದೆ ಆತನ ಬರವಣಿಗೆಯಲ್ಲಿ ಕಾಣುವ ಉಗ್ರತೆಗೆ ಈ ದುಃಖವೂ ಒಂದು ಕಾರಣವೆಂದು ಜೀವನಚರಿತ್ರಕಾರರು ಹೇಳುತ್ತಾರೆ. ನನಗೂ ಹಾಗೆಯೇ ತೋರುತ್ತದೆ.

ಶೋಕವನ್ನು ಮರೆಯಲು ಹಗಲಿರುಳು ದುಡಿದು 1866ರಲ್ಲಿ ಎರಡು ದೊಡ್ಡ ಸಂಪುಟಗಳ ಗ್ರಂಥವೊಂದನ್ನು ಪ್ರಕಟಿಸಿದನು. ಡಾರ್ವಿನ್ನನ ಗ್ರಂಥವು ಬಂದು ಆಗ ಏಳು ವರ್ಷವಾಗಿತ್ತಷ್ಟೆ. ಇಂದು ನಮ್ಮ ಮಕ್ಕಳು ‘ಇಕಾಲಜಿ’ ಎಂದು ಓದುವ ಶಾಸ್ತ್ರಕ್ಕೆ ಆ ಹೆಸರನ್ನು ಕೊಟ್ಟದ್ದು ಈ ಗ್ರಂಥ. ಸಸ್ಯವೂ ಅಲ್ಲದ ಪ್ರಾಣಿಯೂ ಅಲ್ಲದ ಸೂಕ್ಷ್ಮಜೀವಿಗಳಿಗೆ ‘ಪ್ರೊಟಿಸ್ಟ’ ಎಂಬ ಮೂರನೆಯ ರಾಜ್ಯವನ್ನು ಕಟ್ಟಿದ್ದೂ ಇದೇ. ಎಲ್ಲಕ್ಕೂ ಮಿಗಿಲಾಗಿ, ಸಮಸ್ತ ಜೀವರಾಶಿಯನ್ನೂ ಒಂದು ಮರದ ಕೊಂಬೆರೆಂಬೆಗಳಾಗಿ ಚಿತ್ರಿಸಿ ತೋರಿಸಿದ್ದು ಇದರಲ್ಲಿಯೇ. ಮನುಷ್ಯನ ಹುಟ್ಟನ್ನು ಕುರಿತು ಡಾರ್ವಿನ್ನನು 1871ರಲ್ಲಿ ಬರೆದಾಗ, ಹೆಕೆಲನ ಪುಸ್ತಕ ಮೊದಲೇ ಕೈಗೆ ಬಂದಿದ್ದರೆ ತನ್ನದನ್ನು ಪ್ರಾಯಶಃ ಮುಗಿಸುತ್ತಲೇ ಇರಲಿಲ್ಲವೆಂಬ ಅರ್ಥದ ಮಾತನ್ನು ಮುಕ್ತಮನಸ್ಸಿನಿಂದ ಸೇರಿಸಿದನು.

ಈ ಮರದ ವಿಷಯದಲ್ಲಿ ಒಂದು ಉಪಕಥೆಯಿದೆ. ಭಾಷಾಭಿಮಾನಿಗಳ ಈ ಸಭೆಯಲ್ಲಿ ಅದನ್ನು ಬಿಟ್ಟು ಮುಂದೆ ಹೋಗಲಾರೆ. ಯೇನಾದಲ್ಲಿಯೇ ಆಗುಸ್ಟ್ ಶ್ಲೈಖರ್ ಎಂಬ ಭಾಷಾಶಾಸ್ತ್ರಜ್ಞನಿದ್ದನು. ಹೆಕೆಲನ ಗೆಳೆಯ, ತೋಟಗಾರಿಕೆಯಲ್ಲಿ ಬಹಳ ಆಸಕ್ತಿ. ತೋಟದ ಹುಚ್ಚಿನವನಿಗೆ ಇದು ರುಚಿಸೀತೆಂದು ಹೆಕೆಲನು ಡಾರ್ವಿನ್ನನ ಪುಸ್ತಕವನ್ನು ಓದಲು ಹೇಳಿದನು. ಓದಿದ ಶ್ಲೈಖರನು 1863ರಲ್ಲಿ ಹೆಕೆಲನಿಗೆ ಒಂದು ಬಹಿರಂಗ ಪತ್ರವನ್ನೇ ಅಚ್ಚು ಹಾಕಿಸಿದನು. ನೀವು ಪ್ರಾಣಿಗಳಲ್ಲಿ ಕಂಡದ್ದನ್ನು ನಾವು ಭಾಷೆಗಳಲ್ಲಿ ಮೊದಲೇ ಕಂಡಿದ್ದೇವೆ ಎಂಬುದು ಅದರ ತಾತ್ಪರ್ಯ. ನಿಜವೇ, ಡಾರ್ವಿನ್ನನಿಗಿಂತ ಆರು ವರ್ಷ ಮುಂಚೆ, 1853ರಲ್ಲಿ, ಆತನು ಭಾಷೆಗಳ ವಂಶವೃಕ್ಷವನ್ನು ಚಿತ್ರಿಸಿದ್ದನು. ನಮ್ಮ ಕನ್ನಡವನ್ನು ತಮಿಳು ತೆಲುಗುಗಳೊಡನೆ ಒಂದೇ ಬೇರಿನ ಕೊಂಬೆಯೆಂದು ಕಾಲ್ಡ್‌ವೆಲ್ಲರು ತಮ್ಮ 1856ರ ವ್ಯಾಕರಣದಲ್ಲಿ ಸ್ಥಾಪಿಸಿದ್ದೂ ಇದೇ ಕಾಲದಲ್ಲಿ.

ಆದರೆ ಶ್ಲೈಖರನ ಶಿಷ್ಯನೇ ಆದ ಯೊಹಾನ್ನೆಸ್ ಶ್ಮಿಟ್ ಎಂಬವನು 1872ರಲ್ಲಿ ಗುರುವಿನ ಮರವನ್ನು ಒಪ್ಪದೆ ಬೇರೊಂದು ಮಾತನ್ನು ಹೇಳಿದನು. ಭಾಷೆಯ ಮಾರ್ಪಾಟುಗಳು ಕೊಂಬೆಯೊಳಗೇ ಸೆರೆಯಾಗಿ ಉಳಿಯುವುದಿಲ್ಲ. ಕೆರೆಯಲ್ಲಿ ಕಲ್ಲೆಸೆದಾಗ ಏಳುವ ಅಲೆಯಂತೆ ನೆರೆಯ ಭಾಷೆಗೂ ಹರಿದುಹೋಗುತ್ತವೆ, ಅಲೆಗಳು ಒಂದನ್ನೊಂದು ದಾಟುತ್ತವೆ ಎಂದನು. ಇದನ್ನು ಓದಿದಾಗ ಈತನು ತಾಂಡೂರಿನ ಸಂತೆಗೆ ಬಂದುಹೋದವನೇ ಇರಬೇಕೆಂದು ನನಗೆ ನಗು ಬಂದಿತು. ನಾವು ಮನೆಯಲ್ಲಿ ‘ಹಾಲು’ ಎನ್ನುತ್ತೇವೆ, ಪಕ್ಕದ ಮನೆಯವರು ‘ಪಾಲು’ ಎನ್ನುತ್ತಾರೆ. ಹಳಗನ್ನಡದಲ್ಲಿ ನಮ್ಮದೂ ‘ಪಾಲ್’ ಆಗಿತ್ತು. ಇದು ಮರದ ಕಥೆ. ‘ಜಮೀನು’, ‘ಅರ್ಜಿ’, ‘ಕಚೇರಿ’ ಎನ್ನುವಾಗ ಮರ ಯಾವುದು? ಅದು ಅಲೆಯ ಕಥೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗುಲ್ಬರ್ಗ ಜಿಲ್ಲೆಯ ಕೊಡಂಗಲ್, ತಾಂಡೂರು ತಾಲ್ಲೂಕುಗಳೂ ಬೀದರ ಜಿಲ್ಲೆಯ ನಾರಾಯಣಖೇಡವೂ ಜಹೀರಾಬಾದಿನ ಬಹುಭಾಗವೂ ಆಂಧ್ರಪ್ರದೇಶಕ್ಕೆ ಸೇರಿದವು. ಗೆರೆ ಎಳೆದವರು ಭಾಷೆಯನ್ನು ನೋಡಿಯೇ ಎಳೆದರು. ಭಾಷೆಯು ಮಾತ್ರ ಆ ಗೆರೆಯ ಎರಡೂ ಕಡೆಗೆ ಹರಿದಿತ್ತು.

ಇನ್ನು ಚಿತ್ರದ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ಜೀವಿಯು ಭ್ರೂಣಾವಸ್ಥೆಯಲ್ಲಿ ತನ್ನ ಪೂರ್ವಜರ ಇತಿಹಾಸವನ್ನೆಲ್ಲ ಸಂಕ್ಷೇಪವಾಗಿ ಮತ್ತೊಮ್ಮೆ ನಡೆದು ಬರುತ್ತದೆ ಎಂಬುದು ಹೆಕೆಲನ ಸಿದ್ಧಾಂತ. ಮನುಷ್ಯನ ಕೂಸು ಗರ್ಭದಲ್ಲಿ ಒಮ್ಮೆ ಮೀನಾಗಿ, ಒಮ್ಮೆ ಉರಗವಾಗಿ, ಕಡೆಗೆ ಮನುಷ್ಯನಾಗುತ್ತದೆಂದು ಇದರ ಸ್ಥೂಲವಾದ ಅರ್ಥ. ಇದನ್ನು ಜನಸಾಮಾನ್ಯರಿಗೆ ತಿಳಿಸಲು 1868ರಲ್ಲಿ ಒಂದು ಪುಸ್ತಕ ಬರೆದನು. ಅದರಲ್ಲಿ ನಾಯಿ, ಕೋಳಿ, ಆಮೆಗಳ ಭ್ರೂಣಗಳ ಮೂರು ಚಿತ್ರಗಳಿದ್ದವು. ಮೂರರಲ್ಲಿ ಎಳ್ಳಷ್ಟೂ ವ್ಯತ್ಯಾಸ ಕಾಣದು. ಕಾಣುವುದಾದರೂ ಹೇಗೆ? ಒಂದೇ ಮರದಚ್ಚನ್ನು ಮೂರು ಸಲ ಒತ್ತಿ, ಕೆಳಗೆ ಮೂರು ಹೆಸರು ಬರೆಯಲಾಗಿತ್ತು! ಇದನ್ನು ಮೊದಲು ಹಿಡಿದವನು ಬಾಸೆಲ್ ನಗರದ ಪ್ರಾಧ್ಯಾಪಕ ರ‍್ಯೂಟಿಮೆಯರ್. ನಮ್ಮ ಮಂಗಳೂರಿಗೆ ಅಚ್ಚಿನ ಯಂತ್ರವನ್ನು ತಂದ ಮಿಷನ್ನಿನ ಊರೂ ಅದೇ ಬಾಸೆಲ್. ಮುಂದಿನ ಮುದ್ರಣದಲ್ಲಿ ಹೆಕೆಲನು ಒಂದೇ ಚಿತ್ರವನ್ನು ಉಳಿಸಿಕೊಂಡನು. ತಪ್ಪೊಪ್ಪಿಗೆಗಿಂತ ಟೀಕಾಕಾರರ ಮೇಲಿನ ಬೈಗುಳವೇ ಹೆಚ್ಚಾಯಿತು. ಎಂಟು ಸಾಲಿನ ಪ್ರಸಿದ್ಧ ಚಿತ್ರವು ಬಂದದ್ದು 1874ರಲ್ಲಿ. ವಿಲ್ಹೆಲ್ಮ್ ಹಿಸ್ ಎಂಬ ಭ್ರೂಣಶಾಸ್ತ್ರಜ್ಞನು ಅದನ್ನೂ ಬಿಡದೆ, ಇಂಥ ಚಿತ್ರ ಬರೆದವನು ಗಂಭೀರ ಶಾಸ್ತ್ರಜ್ಞರ ಪಂಕ್ತಿಯಲ್ಲಿ ಕೂಡಲು ತಕ್ಕವನಲ್ಲವೆಂದು ಖಂಡಿಸಿದನು.

ಇಷ್ಟೆಲ್ಲ ಗಲಾಟೆಯಾದರೂ ಆ ಚಿತ್ರ ಸಾಯಲಿಲ್ಲ. ಒಂದು ಪಠ್ಯಪುಸ್ತಕದಿಂದ ಇನ್ನೊಂದಕ್ಕೆ ನಕಲಾಗುತ್ತ ನೂರು ವರ್ಷ ಬದುಕಿತು, ಕಡಲು ದಾಟಿತು, ನನ್ನ ಕಪ್ಪುಹಲಗೆಯವರೆಗೂ ಬಂದಿತು. 1997ರಲ್ಲಿ ಮೈಕೆಲ್ ರಿಚರ್ಡ್‌ಸನ್ ಎಂಬವರೂ ಅವರ ಸಂಗಡಿಗರೂ ನಿಜವಾದ ಭ್ರೂಣಗಳ ಛಾಯಾಚಿತ್ರಗಳನ್ನು ತೆಗೆದು ಪಕ್ಕದಲ್ಲಿಟ್ಟಾಗ ಅಂತರ ಎಲ್ಲರಿಗೂ ಕಂಡಿತು. ಗಾತ್ರದಲ್ಲಿ ಹತ್ತು ಪಟ್ಟಿನ ಭೇದವಿದ್ದರೂ ಹೆಕೆಲನು ಎಲ್ಲವನ್ನೂ ಒಂದೇ ಅಳತೆಗೆ ತಂದಿದ್ದನು. ಬೇರೆಯಾಗಿ ಕಾಣುವ ಅಂಗಗಳನ್ನು ಒರಸಿಹಾಕಿದ್ದನು.

ಇಲ್ಲಿಗೆ ನಿಲ್ಲಿಸಿದರೆ ಇನ್ನೊಂದು ಸುಳ್ಳು ಹೇಳಿದಂತಾಗುತ್ತದೆ. ಹೆಕೆಲನು ಹುಟ್ಟುವುದಕ್ಕೆ ಮುಂಚೆಯೇ, 1828ರಲ್ಲಿ, ಫಾನ್ ಬೇರ್ ಎಂಬ ಮಹಾಪಂಡಿತನು ತನ್ನ ಬಳಿ ಮದ್ಯಸಾರದಲ್ಲಿಟ್ಟ ಎರಡು ಭ್ರೂಣಗಳಿವೆ, ಹೆಸರಿನ ಚೀಟಿ ಅಂಟಿಸಲು ಮರೆತೆ, ಈಗ ಅವು ಹಲ್ಲಿಯವೋ ಹಕ್ಕಿಯವೋ ಸಸ್ತನಿಯವೋ ಹೇಳಲಾರೆ ಎಂದು ಬರೆದಿದ್ದನು. ಹೋಲಿಕೆ ನಿಜ. ಮನುಷ್ಯನ ಭ್ರೂಣಕ್ಕೆ ಐದನೆಯ ವಾರದ ಸುಮಾರಿಗೆ ಬಾಲವಿರುತ್ತದೆ, ಎಂಟನೆಯ ವಾರದ ಹೊತ್ತಿಗೆ ಅದು ಅಡಗುತ್ತದೆ. ಮೀನಿನಲ್ಲಿ ಕಿವಿರಾಗುವ ಕಮಾನುಗಳು ನಮ್ಮ ಕೊರಳಿನ ಬಳಿಯೂ ಮೂಡುತ್ತವೆ. ಆದರೆ ನಮ್ಮಲ್ಲಿ ಅವು ಎಂದೂ ಕಿವಿರಾಗುವುದಿಲ್ಲ, ದವಡೆಯ ಭಾಗಗಳೂ ಕಿವಿಯೊಳಗಿನ ಪುಟ್ಟ ಎಲುಬುಗಳೂ ಆಗುತ್ತವೆ. ಆದಕಾರಣ ಕೂಸು ಯಾವಾಗಲೂ ಮೀನಾಗಿರುವುದಿಲ್ಲ. ಮೀನಿನ ಭ್ರೂಣಕ್ಕೂ ಅದಕ್ಕೂ ಒಂದು ಹಂತದಲ್ಲಿ ಹೋಲಿಕೆಯಿರುತ್ತದೆ, ಅಷ್ಟೆ. ಇನ್ನೂ ಒಂದು ಸೂಕ್ಷ್ಮವಿದೆ. ತೀರ ಮೊದಲ ಹಂತದಲ್ಲಿ ಭ್ರೂಣಗಳು ಬೇರೆಬೇರೆಯಾಗಿಯೇ ಇರುತ್ತವೆ, ನಡುವೆ ಹತ್ತಿರವಾಗುತ್ತವೆ, ಮತ್ತೆ ದೂರ ಸರಿಯುತ್ತವೆ. ಶಿವನ ಕೈಯ ಡಮರುವನ್ನು ನೆನೆದುಕೊಳ್ಳಿ: ಮೇಲೂ ಕೆಳಗೂ ಅಗಲ, ನಡು ಕಿರಿದು. ಹೆಕೆಲನು ಬರೆದ ಚಿತ್ರವು ಮೇಲೆ ಕಿರಿದು ಕೆಳಗೆ ಅಗಲ. ವಿಕಾಸವಾದವು ಈ ಒಂದು ಚಿತ್ರದ ಮೇಲೆ ನಿಂತಿಲ್ಲ. ಅದು ಬಿದ್ದರೂ ವಾದ ಬೀಳುವುದಿಲ್ಲ. ಬಿದ್ದದ್ದು ಬರೆದವನ ಮೇಲಿನ ವಿಶ್ವಾಸ, ನಕಲು ಮಾಡಿದ ನನ್ನಂಥವರದೂ ಸೇರಿ.

ಹೆಕೆಲನು ನಮ್ಮ ದೇಶಕ್ಕೂ ಬಂದಿದ್ದನೆಂಬುದು ಅನೇಕರಿಗೆ ತಿಳಿಯದು. ಟ್ರಿಯೆಸ್ಟೆಯಿಂದ ಹಡಗು ಹತ್ತಿ 1881ರ ನವೆಂಬರಿನಲ್ಲಿ ಮುಂಬಯಿಗೆ ಬಂದು ಒಂದು ವಾರ ನಿಂತನು. ಮಲಬಾರ್ ಹಿಲ್ಲನ್ನೂ ಮಾಹಿಮಿನ ತಾಳೆಯ ತೋಪುಗಳನ್ನೂ ಎಲಿಫೆಂಟಾ ಗುಹೆಗಳನ್ನೂ ಕಂಡು ಮಗುವಿನಂತೆ ಸಂತೋಷಪಟ್ಟನು. ವಾಡಿಯಿಂದ ಸಿಕಂದರಾಬಾದಿಗೆ ನಮ್ಮ ತಾಂಡೂರಿನ ಮೇಲೆ ರೈಲು ಓಡತೊಡಗಿ ಆಗ ಏಳು ವರ್ಷವಾಗಿತ್ತು. ಆದರೆ ಆತನು ಇತ್ತ ತಿರುಗಲಿಲ್ಲ, ಸಿಂಹಳಕ್ಕೆ ಹೋದನು. ಅಲ್ಲಿ ವೆಲಿಗಾಮ ಎಂಬ ಕಡಲತಡಿಯ ಊರಿನ ಪ್ರವಾಸಿ ಮಂದಿರದಲ್ಲಿ ಸೂಕ್ಷ್ಮದರ್ಶಕ, ಸೀಸೆಗಳನ್ನು ಹರಡಿಕೊಂಡು ಸುಮಾರು ಆರು ವಾರ ಕೆಲಸ ಮಾಡಿದನು. ಸಹಾಯಕ್ಕೆ ಒಬ್ಬ ಹುಡುಗನು ದೊರೆತನು, ರೋಡಿಯಾ ಎಂಬ ಅಸ್ಪೃಶ್ಯ ಕುಲದವನು. ಉಳಿದ ಆಳುಗಳಿಗೆ ಅವನ ಮೇಲೆ ತಾತ್ಸಾರ. ಹೆಕೆಲನು ಮಾತ್ರ ಅವನನ್ನು ಬಹಳ ವಿಶ್ವಾಸದಿಂದ ಕಂಡನು, ಗ್ರೀಕರ ಪುರಾಣದ ಸುಂದರ ಬಾಲಕನ ಹೆಸರಿನಿಂದ ಕರೆದನು, ಅವನನ್ನು ಬಿಟ್ಟುಬರುವಾಗ ಮನಸ್ಸು ನೊಂದಿತೆಂದು ತನ್ನ ಪ್ರವಾಸಕಥನದಲ್ಲಿ ಬರೆದುಕೊಂಡನು.

ಇದೇ ಮನುಷ್ಯನು ತನ್ನ ಪುಸ್ತಕದಲ್ಲಿ ಮಾನವಕುಲವನ್ನು ಹನ್ನೆರಡು ಬೇರೆಬೇರೆ ಪ್ರಾಣಿಜಾತಿಗಳಾಗಿ ಒಡೆದನು. ಕೂದಲು ಗುಂಗುರೋ ನೇರವೋ ಎಂಬುದು ಮುಖ್ಯವಾದ ಗುರುತು! ಆ ಹನ್ನೆರಡರಲ್ಲಿ ‘ದ್ರಾವಿಡ’ ಎಂಬುದೂ ಒಂದು. ತಾಯಂದಿರೆ, ದಖ್ಖನಿನಲ್ಲಿ ಹುಟ್ಟಿದ ತಾವೂ ನಾನೂ ಆತನ ಲೆಕ್ಕದಲ್ಲಿ ಯುರೋಪಿಯನ್ನರಿಗಿಂತ ಬೇರೆಯೇ ಆದ ಒಂದು ಜಾತಿಯ ಜೀವಿಗಳು. ಮರದ ತುದಿಗೆ ಮೆಡಿಟರೇನಿಯನ್ ಜನರನ್ನು, ಅವರಲ್ಲಿಯೂ ತನ್ನವರನ್ನು, ಏರಿಸಿ ಕೂರಿಸಿದನು. ಭಾಷೆಗೆ ಶ್ಲೈಖರನು ಬಳಸಿದ ಮರವು ಮನುಷ್ಯರ ಮೇಲೆ ಬಿದ್ದಾಗ ಇಂಥ ಕೇಡನ್ನು ಮಾಡಿತು. ‘ದ್ರಾವಿಡ’ ಎಂಬುದು ಒಂದು ಭಾಷಾವರ್ಗದ ಹೆಸರೇ ಹೊರತು ನೆತ್ತರಿನ ಹೆಸರಲ್ಲ.

ಹಿಂದೂ ಮಹಾಸಾಗರದಲ್ಲಿ ಮುಳುಗಿಹೋದ ಲೆಮೂರಿಯ ಎಂಬ ಭೂಖಂಡದಲ್ಲಿ ಮನುಷ್ಯನು ಮೊದಲು ಹುಟ್ಟಿದನೆಂಬುದು ಆತನ ಇನ್ನೊಂದು ಊಹೆ. ಭೂಖಂಡಗಳೇ ಚಲಿಸುತ್ತವೆ, ಭಾರತವೂ ಮಡಗಾಸ್ಕರವೂ ಒಂದಾಗಿದ್ದು ಸುಮಾರು ಒಂಬತ್ತು ಕೋಟಿ ವರ್ಷಗಳ ಹಿಂದೆ ಅಗಲಿದವು ಎಂದು ತಿಳಿದ ಮೇಲೆ ಲೆಮೂರಿಯ ಕಥೆಯಾಗಿ ಉಳಿಯಿತು. ನೆರೆಯ ತಮಿಳುನಾಡಿನಲ್ಲಿ ಕೆಲವರು ಅದನ್ನು ತಮ್ಮ ಭಾಷೆಯ ಕಳೆದುಹೋದ ತವರೆಂದು ನಂಬಿದ್ದುಂಟು. ಭಾಷಾಪ್ರೇಮವು ಎಂಥ ಸಮುದ್ರವನ್ನಾದರೂ ಈಜುತ್ತದೆ. ನಮ್ಮ ಸಂಘದವರೂ ಸ್ವಲ್ಪ ಎಚ್ಚರದಿಂದಿರಬೇಕು.

ಇಷ್ಟಕ್ಕೇ ನಿಂತಿದ್ದರೆ ಕಾಲದ ದೋಷವೆಂದು ಬಿಡಬಹುದಾಗಿತ್ತು. 1904ರ ಪುಸ್ತಕವೊಂದರಲ್ಲಿ, ಅಂಗವಿಕಲರಾಗಿ ಹುಟ್ಟಿದ ಶಿಶುಗಳನ್ನು ಕೊಲ್ಲುತ್ತಿದ್ದ ಸ್ಪಾರ್ಟಾದವರ ಪದ್ಧತಿಯನ್ನು ಹೆಕೆಲನು ಸಮರ್ಥಿಸಿದನು. ಗುಣವಾಗದ ರೋಗಿಗಳ ಬಾಳನ್ನು ಮುಗಿಸುವುದು ಕರುಣೆಯೆಂದನು. ಆತನು ಸತ್ತದ್ದು 1919ರಲ್ಲಿ. ಹಿಟ್ಲರನ ಆಳ್ವಿಕೆಯನ್ನು ಕಾಣಲಿಲ್ಲ. ಹಿಟ್ಲರನ ಪಕ್ಷದ ಕೆಲವರು ಆತನನ್ನು ಹೊಗಳಿದರು, ಆತನು ಕಟ್ಟಿದ ಮೊನಿಸ್ಟ್ ಸಂಘವು 1933ರಲ್ಲಿ ಮುಚ್ಚಿತು. ಆದ್ದರಿಂದ ಆ ಪಾತಕಕ್ಕೆ ಆತನೇ ಮೂಲಪುರುಷನೇ ಅಲ್ಲವೇ ಎಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ಆ ವಾದದಲ್ಲಿ ತೀರ್ಪು ಕೊಡುವಷ್ಟು ನಾನು ಓದಿಲ್ಲ. ಆದರೆ ಆ ಪುಟಗಳನ್ನು ಬರೆದ ಕೈಯನ್ನು ನಾನು ಕ್ಷಮಿಸಲಾರೆ. ನಡೆಯಲು ಬಾರದ ಮಕ್ಕಳು ನನ್ನ ತರಗತಿಯಲ್ಲಿಯೂ ಕುಳಿತಿದ್ದರು.

ಈ ಜನಾಂಗಶಾಸ್ತ್ರಕ್ಕೆ ಅದರ ಮನೆಯಲ್ಲಿಯೇ ಉತ್ತರ ಕೊಟ್ಟವರಲ್ಲಿ ನಮ್ಮ ದೇಶದ ಹೆಣ್ಣುಮಗಳೊಬ್ಬಳಿದ್ದಾಳೆ. ‘ಯುಗಾಂತ’ವನ್ನು ಬರೆದ ಇರಾವತಿ ಕರ್ವೆಯವರನ್ನು ಕನ್ನಡಿಗರು ಬಲ್ಲರು. 1920ರ ದಶಕದ ಕೊನೆಯಲ್ಲಿ ಅವರು ಬರ್ಲಿನ್ನಿನಲ್ಲಿ ಓಯ್ಗೆನ್ ಫಿಷರನ ಕೈಕೆಳಗೆ ಸಂಶೋಧನೆಗೆ ಕುಳಿತರು. ತಲೆಬುರುಡೆಯ ಆಕಾರಕ್ಕೂ ಬಿಳಿಯರ ಬುದ್ಧಿಯ ಮೇಲ್ಮೆಗೂ ಸಂಬಂಧವಿದೆಯೆಂಬುದು ಆ ಗುರುವಿನ ನಂಬಿಕೆ. ಇರಾವತಿಯವರು ಬುರುಡೆಗಳನ್ನು ಒಂದೊಂದಾಗಿ ಅಳೆದರು; ಅಂಥ ಸಂಬಂಧ ಕಾಣಲಿಲ್ಲ. ಕಾಣಲಿಲ್ಲವೆಂದೇ ಬರೆದರು. ಪರದೇಶ, ಪರಭಾಷೆ, ಪದವಿ ಕೊಡುವವನು ಅದೇ ಗುರು. ಆದರೂ ಅಳತೆಯನ್ನು ತಿದ್ದಲಿಲ್ಲ. ಅವರ ಹೆಸರನ್ನು ಮೇಲೆ ಹೇಳಿದ ಮರದಚ್ಚಿನ ಪಕ್ಕದಲ್ಲಿಟ್ಟು ನಮ್ಮ ಹುಡುಗಿಯರಿಗೆ ಹೇಳಬೇಕೆಂದು ನನಗೆ ಆಸೆ.

ಹೆಕೆಲನ ಪರವಾಗಿ ಒಂದು ಮಾತನ್ನು ಹೇಳದಿದ್ದರೆ ಅನ್ಯಾಯವಾದೀತು. 1877ರಲ್ಲಿ ಮ್ಯೂನಿಕ್ಕಿನ ವಿದ್ವತ್ಸಭೆಯಲ್ಲಿ ವಿಕಾಸವಾದವನ್ನು ಶಾಲೆಗಳಲ್ಲಿ ಕಲಿಸಬೇಕೆಂದು ಆತನು ವಾದಿಸಿದನು. ಆತನ ಗುರುವೇ ಆಗಿದ್ದ ವಿರ್ಖೋವನು, ಇನ್ನೂ ಸಿದ್ಧವಾಗದ ಮಾತನ್ನು ಮಕ್ಕಳಿಗೆ ಹೇಳಬೇಡಿರೆಂದು ಎದುರು ನಿಂತನು. ವಿರ್ಖೋವನ ಎಚ್ಚರಿಕೆ ಚಿತ್ರಗಳ ಮಟ್ಟಿಗೆ ಸರಿ, ತತ್ತ್ವದ ಮಟ್ಟಿಗೆ ತಪ್ಪು. ನಮ್ಮ ದೇಶದಲ್ಲಿಯೂ 2023ರಲ್ಲಿ ಕೇಂದ್ರದ ಪಠ್ಯಪುಸ್ತಕ ಸಂಸ್ಥೆಯು ಹತ್ತನೆಯ ತರಗತಿಯ ಪುಸ್ತಕದಿಂದ ವಿಕಾಸದ ಭಾಗವನ್ನು ತೆಗೆದಾಗ 1,800ಕ್ಕೂ ಹೆಚ್ಚು ವಿಜ್ಞಾನಿಗಳೂ ಉಪಾಧ್ಯಾಯರೂ ಸಹಿ ಹಾಕಿ ಬೇಡವೆಂದರು. ತಪ್ಪು ಚಿತ್ರವನ್ನು ಕಿತ್ತುಹಾಕುವುದು ಬೇರೆ, ಪಾಠವನ್ನೇ ಕಿತ್ತುಹಾಕುವುದು ಬೇರೆ.

ಕಡಲಜೀವಿಗಳನ್ನು ಕುರಿತ ಆತನ ದುಡಿಮೆಯಂತೂ ಇಂದಿಗೂ ನಿಂತಿದೆ. ಚಾಲೆಂಜರ್ ಹಡಗು ಸಾಗರತಳದಿಂದ ತಂದ ಕೆಸರನ್ನು ವರ್ಷಗಟ್ಟಲೆ ಶೋಧಿಸಿ, 1887ರಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕಿದ ರೇಡಿಯೊಲೇರಿಯ ಜಾತಿಗಳನ್ನು 140 ಚಿತ್ರಫಲಕಗಳೊಡನೆ ವರ್ಣಿಸಿದನು. ಆ ಚಿತ್ರಗಳಿಂದ ಸ್ಫೂರ್ತಿ ಪಡೆದು 1900ರ ಪ್ಯಾರಿಸ್ ಪ್ರದರ್ಶನಕ್ಕೆ ಮಹಾದ್ವಾರವನ್ನೇ ಕಟ್ಟಿದರು. ನಮ್ಮ ಮನೆಯಂಗಳದ ತಾಂಡೂರು ಹಾಸುಗಲ್ಲು ಕೂಡ ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಒಂದು ಸಮುದ್ರದ ತಳದಲ್ಲಿ ಪದರಪದರವಾಗಿ ಕುಳಿತ ಸುಣ್ಣದ ಕೆಸರು. ಹೆಕೆಲನು ಇತ್ತ ಬಂದಿದ್ದರೆ ಬಹುಶಃ ಗುಡಿಗೋಪುರಗಳನ್ನು ಬಿಟ್ಟು ಗಣಿಯಲ್ಲಿಯೇ ಕೂರುತ್ತಿದ್ದನು.

ಆತನು ಸತ್ತು ನೂರು ವರ್ಷವಾದಾಗ, 2019ರಲ್ಲಿ, ಜರ್ಮನಿಯ ಪ್ರಾಣಿಶಾಸ್ತ್ರಜ್ಞರು ಆತನ ಊರಾದ ಯೇನಾದಲ್ಲಿಯೇ ಸಭೆ ಸೇರಿದರು. ಅಲ್ಲಿ ಒಂದು ಘೋಷಣೆ ಹೊರಟಿತು. ಮನುಷ್ಯರಲ್ಲಿ ಜನಾಂಗಗಳೆಂಬವು ಪ್ರಕೃತಿಯಲ್ಲಿಲ್ಲ. ಮೇಲುಕೀಳಿನ ಮನೋಭಾವವೇ ಅವನ್ನು ಹುಟ್ಟಿಸಿತು. ಅದಕ್ಕೆ ಶಾಸ್ತ್ರದ ವೇಷ ತೊಡಿಸಿದ್ದರಲ್ಲಿ ಹೆಕೆಲನ ಪಾಲೂ ಇದೆ ಎಂಬುದು ಅದರ ಸಾರ. ಆತನದೇ ಪೀಠದ ಉತ್ತರಾಧಿಕಾರಿಗಳು ಅದಕ್ಕೆ ಸಹಿ ಹಾಕಿದರು.

ಆ ಹುಡುಗಿಗೆ ಈಗ ಉತ್ತರ ಕೊಟ್ಟಿದ್ದೇನೆ: ಹೌದು ತಾಯಿ, ಚಿತ್ರ ಸುಳ್ಳು, ಅದು ತೋರಿಸಹೊರಟ ಬಂಧುತ್ವ ಸುಳ್ಳಲ್ಲ, ನಿಮ್ಮಪ್ಪನಿಗೆ ಕಲಿಸಿದವನು ಪರೀಕ್ಷಿಸದೆ ಕಲಿಸಿದನು. ಅಧ್ಯಕ್ಷರ ಅನುಮತಿಯಿಂದ ಇನ್ನೊಂದು ಸೂಚನೆ. ನಾಳೆ ಸಂಜೆ ಕತ್ತಲಾದ ಮೇಲೆ ನಮ್ಮ ಮನೆಯ ಪಡಸಾಲೆಯಲ್ಲಿ, ಕಾವಿಗೆ ಕೂರಿಸಿ ಐದು ದಿನವಾದ ಕೋಳಿಮೊಟ್ಟೆಯನ್ನು ದೀಪಕ್ಕೆ ಅಡ್ಡಹಿಡಿದು ತೋರಿಸುತ್ತೇನೆ. ಜೇಡನ ಬಲೆಯಂತೆ ಹರಡಿದ ಕೆಂಪು ನರಗಳೂ ನಡುವೆ ಮಿಡುಕುವ ಚುಕ್ಕೆಯೂ ಬರಿಗಣ್ಣಿಗೇ ಕಾಣುತ್ತವೆ. ಹಳೆಯ ಶಿಷ್ಯರು ಮಕ್ಕಳನ್ನು ಕರೆದುಕೊಂಡು ಬರಬೇಕು. ನೋಡಿದ ಮೇಲೆ ಮೊಟ್ಟೆಯನ್ನು ಮತ್ತೆ ಹೇಂಟೆಯ ಕೆಳಗೆ ಇಡುತ್ತೇವೆ.